ಮರುಕಳಿಸಲು ಬಾರದ ಟೊಪ್ಪಿಗೆ

ನಿಮ್ಮ ಮನೆಯಲ್ಲಿ ಹಳೆಯ ಕೌದಿ ಇದ್ದರೆ ಅದನ್ನು ನೆಲಕ್ಕೆ ಹಾಸಿ, ಮೇಲೆ ಬೋರಲಾಗಿ ಮಲಗಿ, ಕಣ್ಣು ಅದಕ್ಕೆ ತಾಗುವಷ್ಟು ಹತ್ತಿರದಿಂದ ನೋಡಿ. ನನ್ನ ಅಜ್ಜಿಯ ಕೌದಿಯಲ್ಲಿ ಅಪ್ಪನ ಶಾಲೆಯ ಅಂಗಿಯ ತುಂಡು ಇತ್ತು, ಅತ್ತೆಯ ಲಂಗದ ತುಂಡು ಇತ್ತು, ಯಾರದೆಂದು ಯಾರಿಗೂ ನೆನಪಿರದ ಒಂದು ಹಳದಿ ತುಂಡೂ ಇತ್ತು. ಮಧ್ಯಾಹ್ನ ನಿದ್ದೆ ಬಾರದಾಗ ಆ ತುಂಡುಗಳ ಮೇಲೆ ಬೆರಳಾಡಿಸುತ್ತ ಒಂದರಿಂದ ಇನ್ನೊಂದಕ್ಕೆ ಹೋಗುವುದೇ ನನಗೊಂದು ಆಟ.

ಈಗ ನಾನಿರುವುದು ಕೆನಡಾದ ಒಂದು ಸಣ್ಣ ಊರಿನಲ್ಲಿ. ಇಲ್ಲಿ ಕೌದಿಗೆ ಕ್ವಿಲ್ಟ್ ಎನ್ನುತ್ತಾರೆ. ಹೊಲಿಯುವವರೆಲ್ಲ ತಿಂಗಳಿಗೊಮ್ಮೆ ಸೇರುವ ಬಳಗಕ್ಕೆ ಗಿಲ್ಡ್ ಎಂದು ಹೆಸರು. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿರುವ ದಿನಗಳಲ್ಲಿ ಗಿಲ್ಡ್ ನಮಗೆಲ್ಲ ಒಂದು ಪಂಥ ಒಡ್ಡುತ್ತದೆ. ಈ ಸಲದ ಪಂಥ ಹೀಗಿತ್ತು: ಒಂದು ಮೀಟರ್ ಅಗಲ, ಒಂದು ಮೀಟರ್ ಉದ್ದದೊಳಗೆ ಒಂದು ಕೌದಿ, ಅದರಲ್ಲಿ ಬ್ಲಾಕ್ ಇರಬಾರದು. ಇಲ್ಲಿಯ ಕೌದಿಗಳಲ್ಲಿ ಮೊದಲು ಒಂದು ಚೌಕದೊಳಗೆ ನಕ್ಷತ್ರವನ್ನೋ ಹೂವನ್ನೋ ಹೊಲಿದು, ಅಂಥವೇ ಇಪ್ಪತ್ತು ಮೂವತ್ತು ಚೌಕಗಳನ್ನು ಸಾಲಾಗಿ ಕೂಡಿಸುತ್ತಾರೆ. ಆ ಚೌಕವೇ ಬ್ಲಾಕ್. ಅದಿಲ್ಲದೆ ಹೊಲಿಯಿರಿ ಎಂದರೆ, ನಮ್ಮಲ್ಲಿ ಚುಕ್ಕಿ ಇಡದೆ ರಂಗೋಲಿ ಹಾಕಿ ಎಂದ ಹಾಗೆ.

ನನಗೆ ತಟ್ಟನೆ ನೆನಪಾದದ್ದು ನಮ್ಮ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಅವರು ಹಳೆ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಇಟ್ಟುಕೊಳ್ಳುತ್ತ, ಸುತ್ತು ಬರುತ್ತ ನಡುವಿಗೆ ಹೊಲಿದು ಮುಗಿಸುತ್ತಾರೆ. ಅಳತೆಪಟ್ಟಿ ಇಲ್ಲ, ನಕಾಶೆ ಇಲ್ಲ. ಒಂದು ಕೌದಿಯಂತೆ ಇನ್ನೊಂದಿಲ್ಲ. ಅವರಷ್ಟು ಚೆಂದ ಹೊಲಿಯಲು ನನಗೆ ಬರುವುದಿಲ್ಲ. ಆದರೆ ಅದನ್ನು ನೆನೆಯುತ್ತ ಕೂತಾಗ ಬೇರೊಂದು ಪ್ರಶ್ನೆ ತಲೆಗೆ ಬಂತು. ಅಲ್ಲಿ ಪ್ರತಿ ತುಂಡೂ ಬೇರೆ ಬೇರೆ, ಹಾಗಾಗಿ ಚಿತ್ರವೂ ಮರುಕಳಿಸುವುದಿಲ್ಲ. ಎಲ್ಲ ತುಂಡುಗಳೂ ಒಂದೇ ಆಕಾರ, ಒಂದೇ ಅಳತೆಯವಾಗಿದ್ದು, ಆದರೂ ಚಿತ್ರ ಮರುಕಳಿಸದಂತೆ ಕೌದಿ ಹೊಲಿಯಬಹುದೇ?

ಈ ಪ್ರಶ್ನೆ ಗಣಿತಜ್ಞರನ್ನೂ ಬಹಳ ವರ್ಷ ಕಾಡಿದೆ. ಅದನ್ನು ಮೊದಲಿನಿಂದ ನೋಡೋಣ.

ನಿಮ್ಮ ಮನೆಯ ನೆಲದಲ್ಲಿ ಚೌಕದ ಕಲ್ಲುಗಳಿರಬಹುದು. ನಾಲ್ಕು ಕಲ್ಲುಗಳ ಮೂಲೆ ಕೂಡುವ ಜಾಗ ನೋಡಿ. ಒಂದೊಂದು ಮೂಲೆ 90 ಡಿಗ್ರಿ, ನಾಲ್ಕಕ್ಕೆ 360. ಒಂದು ಸುತ್ತು ತುಂಬಿತು, ಸಂದಿ ಉಳಿಯಲಿಲ್ಲ. ಜೇನುಗೂಡಿನ ಆರು ಬದಿಯ ಕೋಣೆಯಲ್ಲಿ ಒಂದೊಂದು ಮೂಲೆ 120 ಡಿಗ್ರಿ. ಮೂರು ಕೂಡಿದರೆ 360. ಅದೂ ಸರಿಯಾಗಿ ಕೂರುತ್ತದೆ. ಐದು ಸಮ ಬದಿ, ಐದು ಸಮ ಮೂಲೆಗಳ ಆಕಾರದಲ್ಲಿ ಒಂದೊಂದು ಮೂಲೆ 108 ಡಿಗ್ರಿ. ಮೂರು ಇಟ್ಟರೆ 324, ಇನ್ನೂ 36 ಡಿಗ್ರಿ ಖಾಲಿ. ನಾಲ್ಕನೆಯದನ್ನು ಇಡಲು ಜಾಗ ಸಾಲದು. ರಟ್ಟಿನಲ್ಲಿ ಕತ್ತರಿಸಿ ಇಟ್ಟು ನೋಡಿ. ಆ ಸಂದಿ ನಿಮ್ಮನ್ನೇ ನೋಡುತ್ತ ಕೂತಿರುತ್ತದೆ.

ಇನ್ನು ಮರುಕಳಿಸುವುದು ಎಂದರೇನು? ನೆಲದ ಮೇಲೆ ಬೆಣ್ಣೆ ಕಾಗದ ಹಾಸಿ, ಕಲ್ಲುಗಳ ಗೆರೆಗಳನ್ನೆಲ್ಲ ಅದರ ಮೇಲೆ ಎಳೆದುಕೊಳ್ಳಿ. ಕಾಗದವನ್ನು ತಿರುಗಿಸದೆ ಒಂದು ಕಲ್ಲಿನಷ್ಟು ಪಕ್ಕಕ್ಕೆ ಸರಿಸಿ. ಗೆರೆಯ ಮೇಲೆ ಗೆರೆ ಕೂತಿತಲ್ಲ? ಹಾಗೆ ಕೂತರೆ ಆ ಚಿತ್ರ ಮರುಕಳಿಸುತ್ತದೆ ಎಂದರ್ಥ. ಚೌಕದ ಕಲ್ಲನ್ನು ಮರುಕಳಿಸದ ಹಾಗೂ ಇಡಬಹುದು: ಒಂದು ಸಾಲನ್ನು ಇಷ್ಟು, ಮುಂದಿನದನ್ನು ಮತ್ತಿಷ್ಟು ಎಂದು ಮನಬಂದಂತೆ ಜರುಗಿಸಿದರಾಯಿತು. ಆದರೆ ಚೌಕಕ್ಕೆ ಎರಡೂ ಬರುತ್ತದೆ. ಗಣಿತಜ್ಞರು ಹುಡುಕುತ್ತಿದ್ದದ್ದು, ಸಂದಿಯಿಲ್ಲದೆ ಎಲ್ಲಿಯವರೆಗೆ ಬೇಕಾದರೂ ನೆಲ ತುಂಬಬಲ್ಲ, ಆದರೆ ಹೇಗೆ ಜೋಡಿಸಿದರೂ ಮರುಕಳಿಸಲು ಬಾರದ ಆಕಾರವನ್ನು.

ಎಷ್ಟು ಬಗೆಯ ಬಿಲ್ಲೆಗಳನ್ನು ಬೆರೆಸಿದರೂ ಅಂಥದ್ದು ಇರಲಾರದು ಎಂದು 1961ರಲ್ಲಿ ಹಾವೊ ವಾಂಗ್ ಎಂಬ ವಿದ್ವಾಂಸರಿಗೆ ಅನ್ನಿಸಿತ್ತು. ಅವರ ಶಿಷ್ಯ ರಾಬರ್ಟ್ ಬರ್ಗರ್ 1966ರಲ್ಲಿ ಇದೆ ಎಂದು ತೋರಿಸಿದರು. ಆದರೆ ಅವರಿಗೆ ಬೇಕಾದದ್ದು ಒಂದೆರಡಲ್ಲ, 20,426 ಬಗೆಯ ಬಿಲ್ಲೆಗಳು! ಆಮೇಲೆ ಒಬ್ಬರಾದ ಮೇಲೊಬ್ಬರು ಆ ಸಂಖ್ಯೆಯನ್ನು ಇಳಿಸುತ್ತ ಬಂದರು. 1974ರಲ್ಲಿ ಇಂಗ್ಲೆಂಡಿನ ರೋಜರ್ ಪೆನ್‌ರೋಸ್ ಎರಡೇ ಬಗೆಗೆ ತಂದು ನಿಲ್ಲಿಸಿದರು. ಇದು ಬರೀ ಕಾಗದದ ಆಟವಲ್ಲ. 1982ರಲ್ಲಿ ಇಸ್ರೇಲಿನ ಡ್ಯಾನ್ ಶೆಕ್ಟ್‌ಮನ್ ಅಲ್ಯೂಮಿನಿಯಂ ಮತ್ತು ಮ್ಯಾಂಗನೀಸ್ ಬೆರೆಸಿದ ಒಂದು ಲೋಹದಲ್ಲಿ ಪರಮಾಣುಗಳು ಅಚ್ಚುಕಟ್ಟಾಗಿ, ಆದರೆ ಮರುಕಳಿಸದಂತೆ ಕೂತಿರುವುದನ್ನು ಕಂಡರು. ಬಹಳ ಜನ ನಂಬಲಿಲ್ಲ. 2011ರಲ್ಲಿ ಅವರಿಗೆ ಅದಕ್ಕೇ ನೊಬೆಲ್ ಬಹುಮಾನ ಬಂತು.

ಎರಡು ಆಯಿತು. ಒಂದೇ ಬಿಲ್ಲೆ ಸಾಕೇ? ಸುಮಾರು ಅರ್ಧ ಶತಮಾನ ಯಾರಿಗೂ ಉತ್ತರ ಸಿಗಲಿಲ್ಲ. ಅದು ಸಿಕ್ಕಿದ್ದು ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಬ್ರಿಡ್ಲಿಂಗ್ಟನ್ ಎಂಬ ಕಡಲತೀರದ ಊರಿನ ಡೇವಿಡ್ ಸ್ಮಿತ್ ಅವರಿಗೆ. ಅವರು ಗಣಿತದ ಪ್ರಾಧ್ಯಾಪಕರಲ್ಲ. ಮುದ್ರಣದ ಕೆಲಸ ಮಾಡಿ ನಿವೃತ್ತರಾದವರು. ಆಕಾರಗಳನ್ನು ಕೂಡಿಸಿ ನೋಡುವುದು ಅವರ ಹವ್ಯಾಸ. 2022ರ ನವೆಂಬರ್‌ನಲ್ಲಿ ಕಂಪ್ಯೂಟರಿನಲ್ಲಿ ಒಂದು ಆಕಾರ ವಿಚಿತ್ರವಾಗಿ ನಡೆದುಕೊಳ್ಳುವುದು ಕಂಡಿತು. ದಪ್ಪ ಕಾಗದದಲ್ಲಿ ಅದರ ಪ್ರತಿಗಳನ್ನು ಕತ್ತರಿಸಿ ಮೇಜಿನ ಮೇಲೆ ಜೋಡಿಸುತ್ತ ಹೋದರು. ತುಂಬುತ್ತಲೇ ಹೋಗುತ್ತಿದೆ, ಮರುಕಳಿಸುತ್ತಲೇ ಇಲ್ಲ! ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಕ್ರೇಗ್ ಕಪ್ಲಾನ್ ಅವರಿಗೆ ಪತ್ರ ಬರೆದರು. ಜೋಸೆಫ್ ಮೈಯರ್ಸ್ ಮತ್ತು ಹೈಮ್ ಗುಡ್‌ಮನ್-ಸ್ಟ್ರಾಸ್ ಕೂಡ ಜೊತೆಯಾದರು. ನಾಲ್ವರೂ ಸೇರಿ ಸಾಧಿಸಿ, 2023ರ ಮಾರ್ಚ್‌ನಲ್ಲಿ ಲೋಕಕ್ಕೆ ತಿಳಿಸಿದರು. ಆ ಆಕಾರಕ್ಕೆ ಇಟ್ಟ ಹೆಸರು ಹ್ಯಾಟ್, ನಮ್ಮ ಮಾತಿನಲ್ಲಿ ಟೊಪ್ಪಿಗೆ. ಕಾಗದ ಕತ್ತರಿಸುವ ಕೈಗೆ ಸಿಕ್ಕ ಆಕಾರ ಎಂದು ಕೇಳಿದಾಗಲೇ, ಇದನ್ನು ಬಟ್ಟೆಯಲ್ಲಿ ಹೊಲಿಯಬೇಕು ಎಂದು ನನ್ನ ಕೈ ಕಡಿಯತೊಡಗಿತ್ತು.

ಟೊಪ್ಪಿಗೆಯನ್ನು ನೀವೂ ಮಾಡಬಹುದು. ಜೇನುಗೂಡಿನ ಕೋಣೆಯಂಥ ಆರು ಬದಿಯ ಆಕಾರ ಬರೆಯಿರಿ. ಪ್ರತಿ ಬದಿಯ ನಡುಬಿಂದುವಿನಿಂದ ಕೇಂದ್ರಕ್ಕೆ ಗೆರೆ ಎಳೆಯಿರಿ. ಆರು ಗಾಳಿಪಟಗಳು ಸಿಗುತ್ತವೆ. ಇಂಥ ಮೂರು ಕೋಣೆಗಳನ್ನು ಒಂದು ಬಿಂದುವಿನಲ್ಲಿ ಕೂಡುವಂತೆ ಇಡಿ. ಒಂದು ಕೋಣೆಯಿಂದ ಒತ್ತಾಗಿರುವ ನಾಲ್ಕು ಗಾಳಿಪಟ, ಉಳಿದೆರಡರಿಂದ ಎರಡೆರಡು, ಒಟ್ಟು ಎಂಟು ಸೇರಿದರೆ ಟೊಪ್ಪಿಗೆ. ಸರಿಯಾಗಿ ಬಂದಿದೆಯೋ ಇಲ್ಲವೋ ನೋಡಲು ಬದಿಗಳನ್ನು ಎಣಿಸಿ: 13 ಇರಬೇಕು. ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮನ ಮಗಳಿಗೆ ಫೋನಿನಲ್ಲಿ ಇದನ್ನು ತೋರಿಸಿದೆ. ಅವಳು ಕತ್ತು ಓರೆ ಮಾಡಿ, "ಅತ್ತೀ, ಇದು ಟೊಪ್ಪಿಗಿ ಎಲ್ಲಿ? ಅಂಗಿ ಐತಲ್ಲ!" ಎಂದಳು. ನಿಜವೇ. ಬೇರೆ ಕಡೆಯಿಂದ ಹಿಡಿದರೆ, ಒಂದು ತೋಳು ಸೊಟ್ಟಗಾದ ಅಂಗಿಯಂತೆಯೇ ಕಾಣುತ್ತದೆ.

ಮೂಲೆಗಳನ್ನೂ ನೋಡಿ. ಒಂಬತ್ತು ಹೊರಕ್ಕೆ ಚಾಚಿವೆ, ನಾಲ್ಕು ಒಳಕ್ಕೆ ತಗ್ಗಿವೆ. ಹೊರ ಮೂಲೆಗಳು 90 ಇಲ್ಲವೇ 120 ಡಿಗ್ರಿ. ಒಳ ತಗ್ಗುಗಳಲ್ಲಿ ಎರಡರ ಬಾಯಿ 90 ಡಿಗ್ರಿ, ಎರಡರದು 120. ಬೀಗ, ಬೀಗದ ಕೈ ಇದ್ದ ಹಾಗೆ! ಒಂದರ ಮೂಲೆ ಇನ್ನೊಂದರ ತಗ್ಗಿನಲ್ಲಿ ಕೂರುತ್ತದೆ.

5 ಸೆಂಟಿಮೀಟರ್ ಬದಿಯ ಕೋಣೆಯಿಂದ ರಟ್ಟಿನ ಅಚ್ಚು ಮಾಡಿಕೊಂಡೆ. ಲೆಕ್ಕ ಹಾಕಿದರೆ 71 ಟೊಪ್ಪಿಗೆ ಹಿಡಿಸುತ್ತವೆ ಎಂದಾಯಿತು. ಊರಿಂದ ತಂದಿಟ್ಟುಕೊಂಡಿದ್ದ ಗುಳೇದಗುಡ್ಡದ ಖಣಗಳನ್ನು ತೆಗೆದೆ. ಖಣದ ಸೀದಾ ಬದಿ ಮಿನುಗುತ್ತದೆ, ಉಲ್ಟಾ ಬದಿ ಮಂಕು. ಸೀದಾ ಬದಿ ಮೇಲೆ ಬರುವಂತೆ ಎಲ್ಲವನ್ನೂ ಒಂದೇ ಅಚ್ಚಿಗೆ ಕತ್ತರಿಸಿದೆ. ನೆಲದ ಮೇಲೆ ಜೋಡಿಸುತ್ತ ಕೂತರೆ, ಸ್ವಲ್ಪ ಹೊತ್ತಿನಲ್ಲೇ ಒಂದು ಸಂದಿಗೆ ಯಾವ ತುಂಡೂ ಕೂರದಾಯಿತು. ಅತ್ತ ತಿರುಗಿಸಿದೆ, ಇತ್ತ ತಿರುಗಿಸಿದೆ. ಊಹೂಂ. ಕೊನೆಗೆ ರಟ್ಟಿನ ಅಚ್ಚನ್ನೇ ಮಗುಚಿ ಇಟ್ಟೆ. ಟಪ್ಪನೆ ಕೂತಿತು.

ನಿಮ್ಮ ಎಡ ಅಂಗೈಯನ್ನು ಬಲ ಅಂಗೈಯ ಪಕ್ಕದಲ್ಲಿ ಇಡಿ. ಮೇಜಿನ ಮೇಲೆ ಹೇಗೆ ತಿರುಗಿಸಿದರೂ ಎಡಗೈ ಬಲಗೈ ಆಗದು, ಮಗುಚಬೇಕು. ಟೊಪ್ಪಿಗೆಯೂ ಹಾಗೆಯೇ. ನೆಲ ತುಂಬಲು ಅದಕ್ಕೆ ತನ್ನ ಕನ್ನಡಿಯ ಬಿಂಬವೂ ಬೇಕು. ಖಣದ ತುಂಡನ್ನು ಮಗುಚಿದರೆ ಮಂಕು ಬದಿ ಮೇಲೆ ಬರುತ್ತದಲ್ಲ! ನನ್ನ 71 ತುಂಡುಗಳಲ್ಲಿ ಒಂಬತ್ತು ವ್ಯರ್ಥವಾದವು. ಬೇಸರವಾಯಿತು, ನಿಜ. ಆಮೇಲೆ ಅಮ್ಮನ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗಿನಿಂದ ಒಂಬತ್ತು ಟೊಪ್ಪಿಗೆಗಳನ್ನು ಅಚ್ಚು ಮಗುಚಿ ಕತ್ತರಿಸಿದೆ. ಹಸಿರು ನೀಲಿ ಖಣಗಳ ನಡುವೆ ಆ ಕೆಂಪು ತುಂಡುಗಳು ಅಲ್ಲೊಂದು ಇಲ್ಲೊಂದು ದೀಪ ಹಚ್ಚಿಟ್ಟಂತೆ ಕಂಡವು. ಮಗುಚಿದವು ಎಲ್ಲೆಲ್ಲಿ ಅಡಗಿವೆ ಎಂಬುದು ಕಣ್ಣಿಗೆ ಕಂಡದ್ದೇ ಆಗ. ಮಗುಚುವುದೇ ಬೇಡದ ಇನ್ನೊಂದು ಆಕಾರವನ್ನು ಅದೇ ನಾಲ್ವರು 2023ರ ಮೇನಲ್ಲಿ ತೋರಿಸಿದ್ದಾರೆ. ನನಗೆ ಮಾತ್ರ ಕೆಂಪು ತುಂಡುಗಳಿರುವ ಇದೇ ಹೆಚ್ಚು ಇಷ್ಟ.

ಈ ಕೆಂಪು ತುಂಡುಗಳಲ್ಲೇ ಒಂದು ಗುಟ್ಟಿದೆ. ನಿಧಾನವಾಗಿ ಓದಿ. ಒಂದು ಚಿತ್ರ ಮರುಕಳಿಸುತ್ತದೆ ಎಂದರೆ ಅದರಲ್ಲಿ ಮತ್ತೆ ಮತ್ತೆ ಬರುವ ಒಂದು ಬ್ಲಾಕ್ ಇರಲೇಬೇಕು. ಆ ಬ್ಲಾಕಿನೊಳಗೆ ಸೀದಾ ಟೊಪ್ಪಿಗೆ ಎಷ್ಟು, ಮಗುಚಿದ್ದು ಎಷ್ಟು ಎಂದು ಎಣಿಸಬಹುದು. 7ಕ್ಕೆ 1 ಎನ್ನಿ, 48ಕ್ಕೆ 7 ಎನ್ನಿ. ಯಾವುದಾದರೂ ಎರಡು ಪೂರ್ಣಸಂಖ್ಯೆಗಳು ಸಿಗಬೇಕು. ಆದರೆ ಟೊಪ್ಪಿಗೆಗಳು ಕೊನೆಯಿಲ್ಲದೆ ಹರಡಿದಾಗ, ಒಂದು ಮಗುಚಿದ್ದಕ್ಕೆ ಸೀದಾ ಟೊಪ್ಪಿಗೆಗಳು 6.8541... ಎಂದು ಬರುತ್ತವೆ. ಆ ಚುಕ್ಕಿಯ ಮುಂದಿನ ಅಂಕೆಗಳಿಗೆ ಕೊನೆಯೂ ಇಲ್ಲ, ಸುತ್ತಿ ಸುತ್ತಿ ಬರುವ ಸಾಲೂ ಇಲ್ಲ. ಯಾವ ಎರಡು ಪೂರ್ಣಸಂಖ್ಯೆಗಳನ್ನು ಭಾಗಿಸಿದರೂ ಆ ಸಂಖ್ಯೆ ಸಿಗದು. 48ನ್ನು 7ರಿಂದ ಭಾಗಿಸಿ ನೋಡಿ, ಹತ್ತಿರ ಬರುತ್ತೀರಿ, ಮುಟ್ಟುವುದಿಲ್ಲ. ಅಂದಮೇಲೆ ಅಂಥ ಬ್ಲಾಕ್ ಇರಲು ಸಾಧ್ಯವೇ ಇಲ್ಲ! ಬ್ಲಾಕ್ ಇಲ್ಲದ ಕೌದಿ ಎಂದು ಗಿಲ್ಡ್ ಕೇಳಿತ್ತು. ಬ್ಲಾಕ್ ಇರಲು ಬರುವುದೇ ಇಲ್ಲ ಎನ್ನುವ ಕೌದಿ ನನ್ನ ಮಡಿಲಲ್ಲಿತ್ತು. ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಹೊಲಿಗೆಯದು ಬೇರೆಯೇ ಪಾಠ. ಪ್ರತಿ ಬಟ್ಟೆಯ ತುಂಡಿನೊಳಗೆ ಒಂದು ಕಾಗದದ ಟೊಪ್ಪಿಗೆ ಇಟ್ಟು, ಬಟ್ಟೆಯ ಅಂಚನ್ನು ಅದರ ಹಿಂದಕ್ಕೆ ಮಡಚಿ ಕಚ್ಚಾ ಹೊಲಿಗೆ ಹಾಕಿದೆ. ಹೊರ ಮೂಲೆಯಲ್ಲಿ ಬಟ್ಟೆ ಮಿಕ್ಕುತ್ತದೆ. ಅದನ್ನು ಹೋಳಿಗೆಯ ಕಣಕದಂತೆ ಒಂದರ ಮೇಲೊಂದು ಮಡಚಬಹುದು. ಒಳ ಮೂಲೆಯಲ್ಲಿ ಬಟ್ಟೆ ಸಾಲುವುದೇ ಇಲ್ಲ, ಎರಡೂ ಕಡೆಯಿಂದ ಎಳೆಯುತ್ತದೆ. ಕತ್ತರಿಯ ತುದಿಯಿಂದ ಮೂಲೆಯತ್ತ ಸಣ್ಣ ಕಚ್ಚು ಕೊಟ್ಟರೆ ಅದು ಬಾಯಿ ಬಿಟ್ಟು ಮಡಚಿಕೊಳ್ಳುತ್ತದೆ. ನಾಲ್ಕು ಎಳೆ ಉಳಿಯುವಷ್ಟರಲ್ಲಿ ನಿಲ್ಲಿಸಬೇಕು. ಅವೂ ತುಂಡಾದರೆ ಮೂಲೆಯೇ ಬಿಚ್ಚಿಕೊಳ್ಳುತ್ತದೆ. 71 ತುಂಡು, ಒಂದೊಂದಕ್ಕೆ ನಾಲ್ಕು ಒಳ ಮೂಲೆ. 284 ಸಲ ಉಸಿರು ಬಿಗಿಹಿಡಿದು ಕತ್ತರಿ ಆಡಿಸಿದ್ದೇನೆ.

ಕಾಗದ ಯಾಕೆ ಬೇಕು ಗೊತ್ತೇ? ಒಂದು ಕರವಸ್ತ್ರ ತೆಗೆದುಕೊಂಡು ಉದ್ದಕ್ಕೆ ಎಳೆಯಿರಿ, ಅಗಲಕ್ಕೆ ಎಳೆಯಿರಿ. ಹೆಚ್ಚು ಹಿಗ್ಗುವುದಿಲ್ಲ. ಹಾಸಿನ ನೂಲು, ಹೊಕ್ಕಿನ ನೂಲು ಬಿಗಿಯಾಗಿ ಹಿಡಿದಿವೆ. ಈಗ ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆಯಿರಿ. ರಬ್ಬರಿನಂತೆ ಹಿಗ್ಗಿತಲ್ಲ! ನೂಲು ಉದ್ದವಾಗಲಿಲ್ಲ, ಹಾಸು ಹೊಕ್ಕಿನ ನಡುವಿನ ಪುಟ್ಟ ಚೌಕಗಳು ವಾಲಿ ವಜ್ರದಾಕಾರ ತಾಳಿದವು. ಟೊಪ್ಪಿಗೆಗಳು ಕೂರುವಾಗ ಆರು ದಿಕ್ಕಿಗೆ ಮುಖ ಮಾಡುತ್ತವೆ, ಮಗುಚಿದವು ಇನ್ನಾರು ದಿಕ್ಕಿಗೆ. ಹಾಗಾಗಿ ಎಲ್ಲೋ ಒಂದು ಕಡೆ ಬಟ್ಟೆಯ ಓರೆ ಅಂಚು ಬಂದೇ ಬರುತ್ತದೆ. ಒಳಗಿನ ಕಾಗದ ಅದನ್ನು ಹಿಗ್ಗಗೊಡುವುದಿಲ್ಲ. ಸುತ್ತಲೂ ಹೊಲಿದ ಮೇಲೆ ಕಾಗದವನ್ನು ಮೆಲ್ಲಗೆ ಹಿರಿದು ತೆಗೆದರಾಯಿತು.

ಎಲ್ಲವನ್ನೂ ಕೂಡಿಸಿ ಒಂದು ಕಪ್ಪು ಬಟ್ಟೆಯ ಮೇಲೆ ಕೂರಿಸಿದೆ. ಅಂಚನ್ನು ನೇರವಾಗಿ ಕತ್ತರಿಸಲಿಲ್ಲ. ಕೊನೆಯ ಟೊಪ್ಪಿಗೆಗಳ ಮೂಲೆಗಳು ಹಾಗೇ ಚಾಚಿಕೊಂಡಿವೆ, ತಗ್ಗುಗಳು ಬಾಯಿ ತೆರೆದುಕೊಂಡೇ ಇವೆ. ಗಿಲ್ಡಿನಲ್ಲಿ ಕೌದಿ ತೂಗು ಹಾಕಿದ ದಿನ ಒಬ್ಬ ಹಿರಿಯಾಕೆ ಬಹಳ ಹೊತ್ತು ಅದರ ಮುಂದೆ ನಿಂತು, ಬೆರಳಿನಿಂದ ಗಾಳಿಯಲ್ಲೇ ಒಂದು ಕೆಂಪು ತುಂಡಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ಅಜ್ಜಿಯ ಕೌದಿಯ ಮೇಲೆ ನಾನು ಆಡುತ್ತಿದ್ದ ಆಟವೇ!

ಹುಬ್ಬಳ್ಳಿಯಲ್ಲಿ ತಮ್ಮನ ಮಗಳು ಹಳೆಯ ದಿನಪತ್ರಿಕೆಗಳಿಂದ ಟೊಪ್ಪಿಗೆ ಕತ್ತರಿಸಿ ಕೋಣೆಯ ಗೋಡೆಗೆ ಅಂಟಿಸುತ್ತಿದ್ದಾಳೆ. ಮಗುಚಿದವಕ್ಕೆ ಅರಿಸಿನ ಬಳಿದಿದ್ದಾಳೆ. ನಿನ್ನೆ ಇಪ್ಪತ್ಮೂರನೆಯದಕ್ಕೆ ಬಂದು ನಿಂತು ಫೋನ್ ಮಾಡಿದಳು. "ಅತ್ತೀ, ಇಲ್ಲಿ ಯಾವ್ದೂ ಕೂಡ್ರವಲ್ದು." ಚಿತ್ರ ನೋಡಿದೆ. ಅವಳ ತಪ್ಪಿಲ್ಲ, ಸರಿಯಾಗಿಯೇ ಕೂತ ತುಂಡುಗಳೂ ಒಮ್ಮೊಮ್ಮೆ ಮುಂದೆ ದಾರಿಯಿಲ್ಲದ ಸಂದಿಗೆ ತಂದು ನಿಲ್ಲಿಸುತ್ತವೆ. ಹಿಂದಿನ ನಾಲ್ಕು ಕಿತ್ತು, ಅದರಲ್ಲಿ ಒಂದನ್ನು ಮಗುಚಿ ನೋಡು ಎಂದೆ. ಅಂಟು ಇನ್ನೂ ಹಸಿ ಇದೆಯಂತೆ, ಕೀಳುತ್ತಿದ್ದಾಳೆ.