ಹಿರಿಯೂರು ಬಿಸಿಲಿಗೆ ಯಾವ ಬಣ್ಣದ ಕೂಲಿಂಗ್ ಗ್ಲಾಸ್?

ಇವತ್ತು ಕೂಲಿಂಗ್ ಗ್ಲಾಸ್ ಬಗ್ಗೆ ಮಾತಾಡೋಣ. ಹಾಕ್ಕೊಂಡ್ರೆ ನಾವು ಹೇಗೆ ಕಾಣ್ತೀವಿ ಅಂತಲ್ಲ, ನಮಗೆ ಏನು ಕಾಣುತ್ತೆ ಅಂತ.

ನಮ್ಮ ಹಿರಿಯೂರಲ್ಲಿ 48ನೇ ರಾಷ್ಟ್ರೀಯ ಹೆದ್ದಾರಿ ಇದೆ. ಏಪ್ರಿಲ್ ಮಧ್ಯಾಹ್ನ ಅದರಲ್ಲಿ ಗಾಡಿ ಓಡಿಸಿದವರಿಗೆ ಗೊತ್ತು, ಡಾಂಬರೇ ಕಣ್ಣು ಕುಕ್ಕುತ್ತೆ. ನನ್ನ ಚಿಕ್ಕಪ್ಪನ ಮಗ ಗೂಡ್ಸ್ ಗಾಡಿ ಓಡಿಸ್ತಾನೆ. ಅವನಿಗೆ ಕೆಂಪು, ಹಸಿರು ಸ್ವಲ್ಪ ಕಲಸಿಹೋಗುತ್ತೆ. 'ಅಣ್ಣ, ಬಣ್ಣ ಕಾಣಿಸೋ ಕನ್ನಡಕ ಅಂತ ಮೊಬೈಲಲ್ಲಿ ಬರ್ತಿದೆ, ತಗೊಳ್ಳಲಾ?' ಅಂತ ಕೇಳಿದ. ಬೆಲೆ ನೋಡಿದ್ರೆ ಅವನ ಒಂದು ತಿಂಗಳ ಡೀಸೆಲ್ ದುಡ್ಡು!

ಆ ಲೆನ್ಸ್ ಕೆಲಸ ಮಾಡೋದು ಹೀಗೆ. ಕೆಂಪಿಗೂ ಹಸಿರಿಗೂ ನಡುವೆ ಹಳದಿ ಬೆಳಕಿನ ಒಂದು ಸಣ್ಣ ಪಟ್ಟಿ ಇದೆ. ಅದನ್ನ ತಡೆದ್ರೆ ಎರಡೂ ಬಣ್ಣ ದೂರ ಸರಿದ ಹಾಗೆ, ಗಾಢವಾಗಿ ಕಾಣ್ತವೆ. ಅಮೆರಿಕದ ಎನ್‌ಕ್ರೋಮಾ ಕಂಪನಿ ಮಾರೋದು ಇಂಥವನ್ನೇ. ಆದ್ರೆ 2018ರಲ್ಲಿ ಸ್ಪೇನ್‌ನ ಗ್ರನಾಡಾ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ಹೇಳಿದ್ದು ಏನಂದ್ರೆ, ಬಣ್ಣಗಳು ಬೇರೆ ಥರ ಕಾಣ್ತವೆ ಅಷ್ಟೇ, ಬಣ್ಣಗುರುಡು ವಾಸಿ ಆಗಲ್ಲ. ಲೈಸೆನ್ಸ್‌ಗೂ ಅದು ಬೇಕಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿ, ಅಲ್ಪ ಮತ್ತು ಮಧ್ಯಮ ಮಟ್ಟದ ಬಣ್ಣಗುರುಡು ಇರೋರೂ ಲೈಸೆನ್ಸ್ ತಗೋಬಹುದು ಅಂದಿದೆ. ಸುಮ್ನೆ ಕಣ್ಣಿನ ಡಾಕ್ಟರ ಹತ್ರ ಹೋಗಿ ಚೆಕ್ ಮಾಡಿಸ್ಕೋ ಅಂದೆ.

ಇನ್ನು ಮಾಮೂಲಿ ಲೆನ್ಸ್‌ಗಳು. ಬ್ರೌನ್ ನೀಲಿ ಬೆಳಕನ್ನ ಕತ್ತರಿಸುತ್ತೆ. ದೂರದ ಮಬ್ಬು ಕಡಿಮೆ ಆಗಿ ಕೆಮ್ಮಣ್ಣು, ಶೇಂಗಾ ಹೊಲದ ಹಸಿರು ಬೇರೆ ಬೇರೆಯಾಗಿ ಎದ್ದು ಕಾಣ್ತವೆ. ನನಗೆ ಇದೇ ಇಷ್ಟ. ಗ್ರೇ ಎಲ್ಲ ಬಣ್ಣವನ್ನೂ ಹೆಚ್ಚುಕಮ್ಮಿ ಒಂದೇ ಸಮ ಮಂಕು ಮಾಡುತ್ತೆ, ಸಿಗ್ನಲ್ ಇದ್ದ ಹಾಗೇ ಕಾಣುತ್ತೆ. ವಾಣಿ ವಿಲಾಸ ಸಾಗರಕ್ಕೆ ಹೋದ್ರೆ ಪೋಲರೈಸ್ಡ್ ಹಾಕಿ, ನೀರಿನ ಮೇಲಿನ ಹೊಳಪು ಹೋಗುತ್ತೆ. (ಫೋನ್ ಅಡ್ಡ ಹಿಡಿದಾಗ ಸ್ಕ್ರೀನ್ ಕಪ್ಪಾದ್ರೆ ಗಾಬರಿ ಬೇಡ!)

ಕಪ್ಪಗಿದ್ದಷ್ಟೂ ಒಳ್ಳೇದು ಅನ್ನೋದು ತಪ್ಪು. ಯುವಿ ತಡೆಗೂ ಬಣ್ಣಕ್ಕೂ ಸಂಬಂಧ ಇಲ್ಲ. ಯುವಿ ತಡೆಯದ ಕಪ್ಪು ಗ್ಲಾಸ್ ಹಾಕಿದ್ರೆ ಕಣ್ಣಿನ ಪಾಪೆ ಅಗಲ ಆಗಿ ಯುವಿ ಕಿರಣ ಇನ್ನೂ ಒಳಗೆ ಹೋಗುತ್ತೆ. 'ಯುವಿ 400' ಅಂತ ಇದೆಯಾ ನೋಡಿ. ಕ್ಯಾಟಗರಿ 3 ಸಾಕು. ಕ್ಯಾಟಗರಿ 4 ಬೆಳಕಿನ ನೂರರಲ್ಲಿ ಎಂಟು ಭಾಗಕ್ಕಿಂತ ಹೆಚ್ಚು ಬಿಡಲ್ಲ, ಅದನ್ನ ಹಾಕ್ಕೊಂಡು ಗಾಡಿ ಓಡಿಸಲೇಬಾರದು. ರಾತ್ರಿ ಹಳದಿ ಗ್ಲಾಸೂ ಬೇಡ. ಎದುರಿನ ಲಾರಿ ಲೈಟ್ ಕಮ್ಮಿ ಆದ ಹಾಗೆ ಅನಿಸುತ್ತೆ, ಆದ್ರೆ ರಸ್ತೆ ದಾಟೋ ಮನುಷ್ಯ ಬೇಗ ಕಾಣ್ತಾನೆ ಅಂತೇನಿಲ್ಲ.

ನಮ್ಮ ಹುಡುಗ ಕೊನೆಗೆ ಗ್ರೇ ತಗೊಂಡ. ಅಂಗಡಿಯಿಂದ ಆಚೆ ಬಂದು, ನಿಂತಿದ್ದ ಬಸ್ಸಿನ ಬ್ರೇಕ್ ಲೈಟ್ ನೋಡಿದ ಮೇಲೇನೇ ದುಡ್ಡು ಕೊಟ್ಟ.