ಅಜ್ಜಿಯ ಅಜ್ಜಿಯ ಹೆಸರು

ಬ್ಯಾಂಕಿನಲ್ಲಿ ದಿನಾ 'ನಾಮಿನಿ ಹೆಸರು ಬರೀರಿ' ಅನ್ನುವ ನಮಗೆ, ನಮ್ಮ ಅಜ್ಜಿಯ ಅಜ್ಜಿಯ ಹೆಸರೇ ಗೊತ್ತಿರಲಿಲ್ಲ. ಮನೆಯಲ್ಲಿ ಕೇಳಿದರೆ, 'ಗುಡ್ಡೆ ಕಡಿದು ತೋಟ ಮಾಡಿದವರು' ಅಂತ, ಅಷ್ಟೇ.

ಮೊದಲು ಜನಗಣತಿ ನೆನಪಾಯಿತು. ಅಮೆರಿಕದ ಗಣತಿಯಲ್ಲಿ 1850ರಿಂದಲೇ, ಗುಲಾಮರನ್ನು ಬಿಟ್ಟು, ಮನೆಯ ಹೆಂಗಸರು ಮಕ್ಕಳ ಹೆಸರೂ ಇದೆ. 72 ವರ್ಷ ಕಳೆದರೆ ಯಾರೂ ನೋಡಬಹುದು. ನಮ್ಮಲ್ಲಿ 1948ರ ಕಾಯ್ದೆ ಪ್ರಕಾರ ಮನೆಮನೆಯ ವಿವರ ಗುಟ್ಟು, ಹೊರಗೆ ಬರುವುದು ಲೆಕ್ಕ ಮಾತ್ರ. 1901ರ ವರದಿಯಲ್ಲಿ ಅವರು ದಕ್ಷಿಣ ಕನ್ನಡ ಜಿಲ್ಲೆಯ ಒಂದು ಅಂಕೆ.

ಕಡೆಗೆ ಸಿಕ್ಕಿದ್ದು ಹಳೇ ಪೆಟ್ಟಿಗೆಯ ಪಾಲುಪಟ್ಟಿಯಲ್ಲಿ. ಕಾಸರಗೋಡಿನ ನಮ್ಮದು ಅಳಿಯಸಂತಾನದ ಮನೆ. ವಂಶ ಎಣಿಸುವುದೇ ಹೆಂಗಸರಿಂದ, ಒಬ್ಬ ತಾಯಿಯ ಸಂತತಿ ಅಂದರೆ ಒಂದು ಕವರು. 1949ರ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಪಾಲಾದಾಗ, ಯಾವ ಕವರು ಯಾರದ್ದು ಅಂತ ಬರೆದಿದ್ದಾರೆ. ಒಂದೇ ಹೆಸರಿನವರು ಮೂವರು! ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವುದಲ್ವಾ. ಯಾರ ಮಗಳು ಯಾರು ಅಂತ ಗೆರೆ ಎಳೆದು ಬೇರೆ ಮಾಡಿದೆವು.

ನಿಮ್ಮ ಮನೆಯ ಪೆಟ್ಟಿಗೆಯನ್ನೂ ಒಮ್ಮೆ ತೆಗೆಯಿರಿ. ಕಾಗದ ಗೆದ್ದಲು ತಿಂದಿದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಕೇಳಿ.

ನಮ್ಮ ಅಣ್ಣನ ಮಗಳಿಗೆ ಅದನ್ನು ಓದಲಿಕ್ಕೆ ಬರಲಿಲ್ಲ, ಅವಳ ಶಾಲೆಯಲ್ಲಿ ಕನ್ನಡ ಇಲ್ಲ. ನಾವು ಓದಿ ಹೇಳಿದೆವು. ಅವಳು ಆ ಹೆಸರನ್ನು ಮಲಯಾಳದಲ್ಲಿ ಬರೆದುಕೊಂಡಳು.