ಫೋರ್ಕ್‌ಲಿಫ್ಟ್ ಗಾಡಿ ಏಳದಿದ್ದಾಗ

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ತೊಗರಿ ಚೀಲ, ಶಹಾಬಾದಿನ ಹಾಸುಗಲ್ಲು, ವಾಡಿಯ ಸಿಮೆಂಟು, ಇವನ್ನು ಬೆನ್ನ ಮೇಲೆ ಹೊತ್ತು ಸಂಸಾರ ಸಾಗಿಸಿದ ಮನೆಗಳು ನಮ್ಮಲ್ಲಿ ಬಹಳ. ದೊಡ್ಡ ಗೋದಾಮುಗಳಲ್ಲಿ ಅಂಥ ಭಾರ ಎತ್ತಲಿಕ್ಕೆ ಈಗ ಫೋರ್ಕ್‌ಲಿಫ್ಟ್ ಗಾಡಿ ಉಂಟು. ಮುಂದೆ ಕಬ್ಬಿಣದ ಎರಡು ಕೊಂಬು, ಸೀಟಿನ ಕೆಳಗೆ ಭಾರಿ ಬ್ಯಾಟರಿ. ಒಕ್ಕಲು ಮನೆಯ ಹುಡುಗರು ಅದನ್ನು ನಡೆಸಲು ಕಲಿತರೆ ಒಳ್ಳೆಯದೇ. ಅವರಿಗಾಗಿ ಈ ನಾಲ್ಕು ಮಾತು.

ಒಂದು ಮುಂಜಾನೆ ಕೀಲಿ ತಿರುವಿದರೆ ಗಾಡಿ ಹೂಂ ಅನ್ನುವುದಿಲ್ಲ. ಲಾರಿ ಬಾಗಿಲಲ್ಲಿ ನಿಂತಿದೆ, ಹಮಾಲರು ಕಾಯುತ್ತಿದ್ದಾರೆ. ಏನು ಮಾಡೋದ್ರಿ? ಎತ್ತು ಏಳದಿದ್ದರೆ ತಿಳಿದ ಒಕ್ಕಲಿಗ ಬಾರಕೋಲು ಹಿಡಿಯುವುದಿಲ್ಲ. ಮೇವು ತಿಂದಿದೆಯೋ, ನೀರು ಕುಡಿದಿದೆಯೋ, ಕಾಲಿಗೆ ಮುಳ್ಳು ಹೊಕ್ಕಿದೆಯೋ ಎಂದು ನೋಡುತ್ತಾನೆ. ಇಲ್ಲಿಯೂ ಹಾಗೆಯೇ.

ಮೊದಲು ಕೆಂಪು ಗುಂಡಿ ನೋಡಿರಿ. ಅಪಾಯದಲ್ಲಿ ಗಾಡಿ ನಿಲ್ಲಿಸುವ ಗುಂಡಿ ಅದು. ಯಾರೋ ಒತ್ತಿ ಬಿಟ್ಟಿದ್ದರೆ ಕರೆಂಟು ಹರಿಯದು. ಯಾಕೆ ಒತ್ತಿದರೆಂದು ಕೇಳಿ ತಿಳಿದುಕೊಂಡೇ ಅದನ್ನು ಬಿಡಿಸಬೇಕು.

ಎರಡನೆಯದು, ಬ್ಯಾಟರಿಯ ದೊಡ್ಡ ಪ್ಲಗ್ಗು ಪೂರ್ತಿ ಕೂತಿದೆಯೇ? ರಾತ್ರಿ ಚಾರ್ಜಿಗೆ ಹಚ್ಚಿದ್ದು ಇನ್ನೂ ಅಲ್ಲಿಯೇ ಇದೆಯೇ?

ಮೂರನೆಯದು, ಚಾರ್ಜು ಆಗಿದೆಯೇ? ಸೀಸದ ಬ್ಯಾಟರಿಯ ಒಂದೊಂದು ಮನೆ 2 ವೋಲ್ಟಿನದು. 48 ವೋಲ್ಟಿಗೆ 24 ಮನೆ. ಪೂರ್ತಿ ಬರಿದಾಗುವ ತನಕ ದುಡಿಸಬಾರದು. 20 ಪರ್ಸೆಂಟು ಉಳಿದಾಗಲೇ ಚಾರ್ಜಿಗೆ ಹಚ್ಚಬೇಕು. ನೀರು ಕಡಿಮೆಯಾದರೆ ಡಿಸ್ಟಿಲ್ಡ್ ನೀರನ್ನೇ ಹಾಕತಕ್ಕದ್ದು. ನಮ್ಮದು ಸುಣ್ಣಗಲ್ಲಿನ ಸೀಮೆ. ಬಾವಿಯ ಗಡುಸು ನೀರು ಬ್ಯಾಟರಿಯನ್ನು ಕೆಡಿಸುತ್ತದೆ. ಲಿಥಿಯಂ ಬ್ಯಾಟರಿಗಾದರೋ ನೀರೇ ಬೇಡ.

ಚಾರ್ಜಾಗುವಾಗ ಸೀಸದ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಏಳುತ್ತದೆ. ಹತ್ತಿರ ಬೀಡಿ ಸೇದಿದರೆ ಸಿಡಿದೀತು! ಆಸಿಡ್ಡು ಕಣ್ಣಿಗೆ ಸಿಡಿದರೆ ಕಾಲು ತಾಸು ಧಾರಾಳ ನೀರಿನಿಂದ ತೊಳೆದು ದವಾಖಾನೆಗೆ ಒಯ್ಯಿರಿ.

ಫ್ಯೂಜು ಸುಟ್ಟಿದ್ದರೆ ತಂತಿ ಸುತ್ತಕೂಡದು. ಎಲ್ಲಿಯೋ ತಪ್ಪು ಉಂಟೆಂದು ಹೇಳಿಯೇ ಅದು ಸುಟ್ಟಿದೆ.

ಇನ್ನೊಂದು ಮಾತು. ದೀಪ ಹತ್ತಿಯೂ ಗಾಡಿ ಕದಲದಿದ್ದರೆ, ಸೀಟಿನ ಮೇಲೆ ಸರಿಯಾಗಿ ಕೂತಿದ್ದೀರೋ, ಮುಂದೆ-ಹಿಂದೆ ಮಾಡುವ ಹಿಡಿ ನಡುವೆ ಇದೆಯೋ ನೋಡಿರಿ. ಸೀಟಿನೊಳಗೆ ಒಂದು ಸ್ವಿಚ್ಚಿರುತ್ತದೆ. ಮನುಷ್ಯ ಕೂಡದೆ ಗಾಡಿ ಓಡಬಾರದೆಂದೇ ಅದನ್ನು ಇಟ್ಟಿದ್ದಾರೆ. ಆ ಸ್ವಿಚ್ಚು ಕೆಟ್ಟರೆ ಕೆಲವರು ವೈರು ಜೋಡಿಸಿ ಕೆಲಸ ಸಾಗಿಸುತ್ತಾರೆ. ಇದು ಮಹಾ ತಪ್ಪು. ಕೆಳಗಿಳಿದು ನಿಂತಾಗ ಕೈ ತಾಗಿ ಗಾಡಿ ಮುಂದೆ ಸರಿದರೆ, ಗೋಡೆಗೂ ಗಾಡಿಗೂ ನಡುವೆ ಸಿಕ್ಕ ಮನುಷ್ಯ ಉಳಿಯುವುದು ಕಷ್ಟ.

ಇಷ್ಟು ನೋಡಿಯೂ ಏಳದಿದ್ದರೆ ಕೀಲಿ ತೆಗೆದು, 'ಕೆಟ್ಟಿದೆ' ಎಂದು ಚೀಟಿ ಕಟ್ಟಿ, ಬಲ್ಲ ಮಿಸ್ತ್ರಿಯನ್ನು ಕರೆಸಿರಿ. ತಾಯಂದಿರೇ, ಕೆಲಸಕ್ಕೆ ಹೊರಟ ಮಗನಿಗೆ ಬುತ್ತಿಯ ಜೊತೆಗೆ ಇದೊಂದು ಮಾತನ್ನೂ ಕಟ್ಟಿ ಕೊಡಿರಿ: ಚೀಲ ನಾಳೆಯೂ ಎತ್ತಬಹುದು, ನೀನು ಸಂಜೆಗೆ ಮನೆಗೆ ಬಾ.